ಉಸಿರಾಟದ ಬಿಡುವು ಯಾರಿಗೆ, ಸ್ವಾಮಿ?

ಲಾಕ್‌ಡೌನ್ ನಮಗೆಲ್ಲ ಉಸಿರಾಡಲು ಬಿಡುವು ಕೊಟ್ಟಿತು, ಬಂಡೀಪುರದ ಜಿಂಕೆಗಳೂ ರಸ್ತೆಯಲ್ಲಿ ಹಾಯಾಗಿದ್ದವು ಎಂಬ ಲೇಖನ ಓದಿದೆ. ‘ನಮಗೆಲ್ಲ’ ಅಂದರೆ ಯಾರಿಗೆ? ಬಂಡೀಪುರ ಕಾಡಿನ ಹೆದ್ದಾರಿ 2009ರಿಂದಲೇ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಹುತೇಕ ವಾಹನಗಳಿಗೆ ಬಂದ್. ಜಿಂಕೆಗೆ ಬಿಡುವು ಹೊಸದೇನಲ್ಲ. 2020ರ ಮಾರ್ಚ್‌ನಲ್ಲಿ ನಿಂತದ್ದು ಸಫಾರಿ. ಜೊತೆಗೆ ಜೀಪು ಚಾಲಕನ, ರೆಸಾರ್ಟ್ ಅಡುಗೆಯವನ, ಕೊಡಗಿನ ತೋಟಕ್ಕೆ ಕೂಲಿಗೆ ಹೋಗುವ ಹಾಡಿಯವರ ದುಡಿಮೆ. ಕೇರಳದ ಪೇಟೆಯನ್ನೇ ನಂಬಿದ ಗುಂಡ್ಲುಪೇಟೆಯ ತರಕಾರಿ ರೈತ ಯಾರಿಗೆ ಮಾರಬೇಕಿತ್ತು? ಜರ್ಮನಿಯಲ್ಲಿ ಕೆಲಸ ನಿಂತವರ ಸಂಬಳದ ದೊಡ್ಡ ಪಾಲನ್ನು ಸರ್ಕಾರವೇ ತುಂಬಿತು. ಇಲ್ಲಿ ಸಿಕ್ಕಿದ್ದು ಪಡಿತರದ ಅಕ್ಕಿ. ನಮ್ಮ ಚಾಮರಾಜನಗರ ಜಿಲ್ಲೆ ಆ ವರ್ಷದ ಜೂನ್‌ವರೆಗೂ ಸೋಂಕಿಲ್ಲದ ಹಸಿರು ವಲಯವಾಗಿತ್ತು, ಒಪ್ಪಿದೆ. ಸೋಂಕು ಬರುವ ಮೊದಲೇ ಕೂಲಿ ಹೋಗಿತ್ತು. ಇನ್ನು ಉಸಿರಾಟದ ಮಾತು: 2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಜನ ಸತ್ತರು. ‘ಉಸಿರಾಡಲು ಬಿಡುವು’ ಎಂಬ ಆ ರೂಪಕವನ್ನು ಲೇಖಕರು ಸತ್ತವರ ಮನೆಯವರ ಮುಂದೆ ಓದಿ ತೋರಿಸಲಿ.