ಕಂಡಲ್ಲಿ ಮೀನಿಲ್ಲ

ಬೆಳಕಿನ ವಕ್ರೀಭವನವನ್ನು ಬೋಧಿಸುವ ದಿನ ನಾವು ತರಗತಿಯಲ್ಲಿ ಪ್ರತಿವರ್ಷವೂ ಒಂದು ಪ್ರಶ್ನೆಯನ್ನು ಕೇಳುವುದುಂಟು. ತಿಳಿನೀರಿನಲ್ಲಿ ನಿಂತಿರುವ ಮೀನನ್ನು ದಡದ ಮೇಲಿನಿಂದ ಈಟಿಯಿಂದ ಹೊಡೆಯಬೇಕಾದರೆ ಗುರಿಯನ್ನು ಎಲ್ಲಿಗೆ ಇಡಬೇಕು? ಸ್ನೆಲ್ಲನ ನಿಯಮವನ್ನು ಕರಿಹಲಗೆಯ ಮೇಲೆ ಒಂದಕ್ಷರ ತಪ್ಪದೆ ಬರೆಯಬಲ್ಲ ವಿದ್ಯಾರ್ಥಿಗಳಲ್ಲಿಯೇ ಹೆಚ್ಚು ಮಂದಿ "ಕಂಡ ಜಾಗಕ್ಕೆ" ಎನ್ನುತ್ತಾರೆ. ಕೆಲವರು ಸಂಶಯಪಟ್ಟು "ಸ್ವಲ್ಪ ಮೇಲಕ್ಕೆ" ಎನ್ನುತ್ತಾರೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟಿದ್ದ ನಮ್ಮ ಅಜ್ಜಯ್ಯನವರು ಇದಕ್ಕೆ ಉತ್ತರ ಹೇಳಲು ಕ್ಷಣವೂ ತಡಮಾಡುತ್ತಿರಲಿಲ್ಲ. "ಕಂಡಲ್ಲಿ ಮೀನಿಲ್ಲ ಮಗಾ, ಅದರ ಕೆಳಗಿದೆ" ಎಂಬುದು ಅವರ ಪಾಠವಾಗಿತ್ತು.

ಈ ಪಾಠವನ್ನು ನಾವು ಕಲಿತದ್ದು ಬಹಳ ನಾಚಿಕೆಯಿಂದ. ಮಲೆನಾಡಿನಲ್ಲಿ ಮೃಗಶಿರಾ ಮಳೆ ಹಿಡಿದೊಡನೆ ಹೊಳೆಯ ಮೀನುಗಳು ಮೊಟ್ಟೆಯಿಡುವುದಕ್ಕಾಗಿ ಹಳ್ಳಗಳನ್ನೂ ಗದ್ದೆಯ ತೋಡುಗಳನ್ನೂ ಏರಿ ಬರುತ್ತವೆ. ಇವಕ್ಕೆ ಹತ್ತುಮೀನು ಎಂದು ಹೆಸರು. ಇರುಳಿನಲ್ಲಿ ದೀಪ ಹಿಡಿದು, ಕತ್ತಿಯಿಂದ ಅವನ್ನು ಕಡಿಯುವುದು ಅಲ್ಲಿನ ಹಳೆಯ ವಾಡಿಕೆ. ಹತ್ತು ವರ್ಷದವರಾಗಿದ್ದ ನಾವು ಅಜ್ಜಯ್ಯನವರ ಕತ್ತಿಯನ್ನು ಬೇಡಿ ಪಡೆದು, ಎದುರಿಗೆ ಸ್ಪಷ್ಟವಾಗಿ ಕಾಣುತ್ತಿದ್ದ ಮೀನಿನ ನಡುಬೆನ್ನಿಗೆ ಬೀಸಿದೆವು. ಕತ್ತಿ ಕಲ್ಲಿಗೆ ತಾಗಿ ಅದರ ಬಾಯಿ ಮುಕ್ಕಾಯಿತು. ಮೀನು ನಿಧಾನವಾಗಿಯೇ ಹೊರಟುಹೋಯಿತು. ಅಜ್ಜಯ್ಯನವರು ಬೈಯಲಿಲ್ಲ. ಮರುದಿನ ಹಂಡೆಯೊಂದಕ್ಕೆ ನೀರು ತುಂಬಿಸಿ, ತಳದಲ್ಲಿ ಒಂದು ರೂಪಾಯಿಯನ್ನಿಟ್ಟು, ಕೋಲಿನಿಂದ ಮುಟ್ಟಲು ಹೇಳಿದರು. ಹತ್ತು ಸಲ ತಪ್ಪಿದ ಮೇಲೆ ಕೈಗೆ ತಾನಾಗಿಯೇ ಬುದ್ಧಿ ಬಂದಿತು.

ಅದರ ಲೆಕ್ಕವನ್ನು ನಾವು ಮಾಡಿದ್ದು ಎಷ್ಟೋ ವರ್ಷಗಳ ತರುವಾಯ. ನೀರಿನ ವಕ್ರೀಭವನಾಂಕ ಸುಮಾರು 1.33. ನೇರ ಮೇಲಿನಿಂದ ನೋಡಿದಾಗ 4 ಅಡಿಯ ಆಳ 3 ಅಡಿಯಂತೆ ತೋರುತ್ತದೆ. ಓರೆಯಾಗಿ ನೋಡಿದಷ್ಟೂ ಮೋಸ ಹೆಚ್ಚು. ನಮ್ಮ ದೃಷ್ಟಿಯ ಗೆರೆ ನೀರಿನ ಮೇಲ್ಮೈಯೊಡನೆ 30 ಡಿಗ್ರಿ ಕೋನವನ್ನು ಮಾಡುತ್ತಿದೆ, ಮೀನು 2 ಅಡಿ ಆಳದಲ್ಲಿದೆ ಎಂದಿಟ್ಟುಕೊಳ್ಳೋಣ. ಕಂಡ ಗೆರೆಯಲ್ಲಿಯೇ ನೆಟ್ಟಗೆ ಇಳಿದ ಈಟಿಯು ಮೀನಿನ ಆಳವನ್ನು ಮುಟ್ಟುವ ವೇಳೆಗೆ ಅದರಿಂದ ಸುಮಾರು ಒಂದೂಮುಕ್ಕಾಲು ಅಡಿ ಆಚೆಗೆ ಹೋಗಿರುತ್ತದೆ. ಒಂದು ಮೊಳಕ್ಕಿಂತಲೂ ಹೆಚ್ಚಿನ ತಪ್ಪು! ಕಾಗದದ ಮೇಲೆ ಇದನ್ನು ನಂಬದ ವಿದ್ಯಾರ್ಥಿಗಳು ಒಂದು ನೇರವಾದ ಕೊಳವೆಯನ್ನು ಹಂಡೆಯ ಮೇಲೆ ಓರೆಯಾಗಿ ಬಿಗಿದು, ಅದರ ಮೂಲಕ ತಳದ ನಾಣ್ಯವನ್ನು ಕಾಣುವಂತೆ ಹೊಂದಿಸಿ, ಅನಂತರ ಅದೇ ಕೊಳವೆಯೊಳಗಿಂದ ಹಳೆಯ ಛತ್ರಿಯ ಕಡ್ಡಿಯನ್ನು ಜಾರಿಸಿ ನೋಡಬಹುದು. ಖರ್ಚು ಏನೂ ಇಲ್ಲ.

ಮೀನು ನಮಗೆ ಹೇಗೆ ಕಾಣುತ್ತದೆಂಬುದಾಯಿತು. ನಾವು ಮೀನಿಗೆ ಹೇಗೆ ಕಾಣುತ್ತೇವೆ? ಗಾಳ ಹಾಕುವವನಿಗೆ ಇದೇ ಹೆಚ್ಚು ಮುಖ್ಯವಾದದ್ದು. ನೀರಿನೊಳಗಿನಿಂದ ಮೇಲೆ ನೋಡುವ ಕಣ್ಣಿಗೆ ಹೊರಗಿನ ಲೋಕವೆಲ್ಲವೂ ನೆತ್ತಿಯ ಮೇಲಿನ ಒಂದು ದುಂಡುಕಿಟಕಿಯೊಳಗೆ ಅಡಕವಾಗುತ್ತದೆ. ನೇರ ಮೇಲಿನ ಗೆರೆಯಿಂದ ಸುತ್ತಲೂ ಸುಮಾರು 49 ಡಿಗ್ರಿಗಳವರೆಗೆ ಮಾತ್ರ ಆ ಕಿಟಕಿ. ಅದರಾಚೆಗೆ ಪೂರ್ಣ ಆಂತರಿಕ ಪ್ರತಿಫಲನದಿಂದ ನೀರಿನ ಮೇಲ್ಮೈಯೇ ಕನ್ನಡಿಯಾಗಿ ಹೊಳೆಯ ತಳವನ್ನು ತೋರಿಸುತ್ತದೆ. ಕಿಟಕಿಯ ಅಂಚಿನಲ್ಲಿ ಚಿತ್ರಗಳು ಬಹಳವಾಗಿ ಕುಗ್ಗುತ್ತವೆ. ನೀರಿನ ಮಟ್ಟದಿಂದ 10 ಡಿಗ್ರಿ ಎತ್ತರದವರೆಗೆ ಇರುವುದೆಲ್ಲವೂ ಮೀನಿನ ಕಣ್ಣಿಗೆ ಸುಮಾರು 1 ಡಿಗ್ರಿಯಷ್ಟು ಪಟ್ಟಿಯಲ್ಲಿ ಮುದುಡಿಹೋಗುತ್ತದೆ. 30 ಅಡಿ ದೂರದಲ್ಲಿ ಕುಳಿತವನ ತಲೆ ನೀರಿನಿಂದ 5 ಅಡಿ ಮೇಲಿದ್ದರೆ ಅವನು ಆ ಪಟ್ಟಿಯೊಳಗೇ ಅಡಗಿದಂತೆ. ಎದ್ದು ನಿಂತರೆ ಅದರಿಂದ ಹೊರಕ್ಕೆ ತಲೆಯೆತ್ತುತ್ತಾನೆ. ಹೊಳೆಯ ದಡದಲ್ಲಿ ಕುಕ್ಕರುಗಾಲಿನಲ್ಲಿ ಗಂಟೆಗಟ್ಟಲೆ ಕೂರುವ ಹಿರಿಯರು ಸೋಮಾರಿಗಳೆಂದು ತಿಳಿಯಕೂಡದು.

ಅದೇ ಹಿರಿಯರು ಮಾತನಾಡಿದರೆ ಅಷ್ಟಾಗಿ ಗದರುವುದಿಲ್ಲ, ಆದರೆ ಬಂಡೆಯ ಮೇಲೆ ಕಾಲು ಅಪ್ಪಳಿಸಿದರೆ ಕಿವಿ ಹಿಂಡುತ್ತಾರೆ. ಇದೂ ಸರಿಯೇ. ಗಾಳಿಯಿಂದ ನೀರಿಗೆ ಬೀಳುವ ಶಬ್ದದ ಶಕ್ತಿಯಲ್ಲಿ ಸುಮಾರು ಸಾವಿರದಲ್ಲೊಂದು ಪಾಲು ಮಾತ್ರ ಒಳಹೊಗುತ್ತದೆ. ಉಳಿದದ್ದು ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಕಲ್ಲಿನಿಂದ ನೀರಿಗೆ ದಾಟುವ ಕಂಪನಕ್ಕೆ ಅಂತಹ ದೊಡ್ಡ ತಡೆಯಿಲ್ಲ. ನೀರಿನೊಳಗೆ ಅದು ಸೆಕೆಂಡಿಗೆ ಸುಮಾರು 1480 ಮೀಟರು ವೇಗದಿಂದ ಓಡುತ್ತದೆ. ರೋಹು, ಕಾಟ್ಲಾ ಮೊದಲಾದ ಗೆಂಡೆಜಾತಿಯ ಮೀನುಗಳಲ್ಲಿ ಗಾಳಿಚೀಲಕ್ಕೂ ಒಳಗಿವಿಗೂ ನಡುವೆ ಸಣ್ಣ ಎಲುಬುಗಳ ಸರಪಣಿಯೇ ಇದೆ. ಅವುಗಳ ಕಿವಿ ಬಹಳ ಚುರುಕು. ಬೇಸಗೆಯಲ್ಲಿ ಮೀನನ್ನು ಎಲ್ಲಿ ಹುಡುಕಬೇಕೆಂಬುದಕ್ಕೂ ಭೌತಶಾಸ್ತ್ರವೇ ಉತ್ತರವೀಯುತ್ತದೆ. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲ ನೀರು 30 ಡಿಗ್ರಿಯಲ್ಲಿ ಏಳೂವರೆಯನ್ನು ಮಾತ್ರ ಹಿಡಿಯುತ್ತದೆ. ಆದುದರಿಂದ ಬಿಸಿಲೇರಿದಂತೆ ಕಲ್ಲಿನ ಮೇಲೆ ನೊರೆಗರೆದು ಇಳಿಯುವ ನೀರಿನ ಬುಡದಲ್ಲಿಯೂ, ನೆರಳಿನ ಮಡುವಿನಲ್ಲಿಯೂ ಗಾಳ ಬಿಡತಕ್ಕದ್ದು. (ಕೊರವ ಮೀನಿಗೆ ಈ ನಿಯಮವಿಲ್ಲ, ಅದು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ.)

ಅಜ್ಜಯ್ಯನವರು ಮೀನಿಗಿಂತಲೂ ಕಾಡಿನ ಬೇಟೆಯಲ್ಲಿ ಹೆಸರಾದವರು. ಜಿಂಕೆ, ಕಡವೆಗಳನ್ನು ಹೊಡೆದುದನ್ನು ಅವರು ಎಂದೂ ಮುಚ್ಚಿಡಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅವರು ಕೋವಿಯನ್ನು ಗೋಡೆಗೆ ತೂಗುಹಾಕಿದರು. 1991ರ ತಿದ್ದುಪಡಿಯಿಂದ ಪರವಾನಗಿ ಪಡೆದು ಆಡುವ ಬೇಟೆಗೂ ಅವಕಾಶವಿಲ್ಲದಂತಾಯಿತು. ಆದರೆ ಅವರ ವಿದ್ಯೆ ಗೋಡೆಗೆ ಏರಲಿಲ್ಲ. ಕಾಡಿಗೆ ಕಾಲಿಡುವ ಮುನ್ನ ಒಂದು ಚಿಟಿಕೆ ಬೂದಿಯನ್ನು ಗಾಳಿಗೆ ಬಿಟ್ಟು ನೋಡುತ್ತಿದ್ದರು. ಬಿಸಿಲೇರಿದ ಮೇಲೆ ಗುಡ್ಡದ ಇಳಿಜಾರು ಕಾದು ಗಾಳಿ ಮೇಲೇರುತ್ತದೆ. ಆಗ ಮೃಗಗಳಿಗಿಂತ ಮೇಲಿರಬೇಕು. ಸಂಜೆ ತಣಿದ ಗಾಳಿ ಭಾರವಾಗಿ ಕಣಿವೆಗೆ ಹರಿಯುತ್ತದೆ; ಆಗ ಕೆಳಗಿನಿಂದ ಹತ್ತಬೇಕು. ಇದನ್ನು ತಪ್ಪಿದವನ ಮೈವಾಸನೆ ಅವನಿಗಿಂತ ಮೊದಲೇ ಜಿಂಕೆಯನ್ನು ಮುಟ್ಟುತ್ತದೆ. ಜಿಂಕೆಯ ಕಣ್ಣಿನಲ್ಲಿ ಬಣ್ಣವನ್ನರಿಯುವ ಕೋಶಗಳು ಎರಡೇ ಬಗೆ. ಕೆಂಪು ಅದಕ್ಕೆ ಮಂಕು, ಆದರೆ ಅಲುಗಾಟ ಅದರ ಕಣ್ಣಿಗೆ ತಪ್ಪುವುದಿಲ್ಲ. ಮುಸುವಗಳು ಮರದ ಮೇಲಿಂದ ಎಲೆ, ಕಾಯಿಗಳನ್ನು ಉದುರಿಸುವೆಡೆಯಲ್ಲಿ ಜಿಂಕೆಯನ್ನು ಕಾಯಬೇಕೆಂದು ಹೇಳಿದವರೂ ಅವರೇ. ಈ ಮೂರು ಮಾತುಗಳಿಂದ ನಾವು ಕೋವಿಯಿಲ್ಲದೆಯೇ ಜಿಂಕೆಗಳನ್ನು ಇಪ್ಪತ್ತು ಮಾರು ದೂರದಿಂದ ಕಂಡಿದ್ದೇವೆ.

ಅಮೆರಿಕದಲ್ಲಿ ಋತುವಿಗೆ ತಕ್ಕಂತೆ ಜಿಂಕೆಯ ಬೇಟೆಗೆ ಪರವಾನಗಿ ಕೊಡುತ್ತಾರಲ್ಲ, ನಮ್ಮಲ್ಲಿ ಏಕಾಗಬಾರದು ಎಂದು ಮಿತ್ರರು ಕೆಲವರು ವಾದಿಸುವುದುಂಟು. ಅಲ್ಲಿ ಎಷ್ಟೋ ಪ್ರಾಂತಗಳಲ್ಲಿ ತೋಳಗಳನ್ನು ಹಿಂದೆಯೇ ನಿರ್ಮೂಲ ಮಾಡಿದ್ದಾರೆ. ಜಿಂಕೆಯ ಸಂಖ್ಯೆಗೆ ಮನುಷ್ಯನೇ ಕಡಿವಾಣ ಹಾಕಬೇಕಾಗಿದೆ. ನಮ್ಮ ಕಾಡಿನಲ್ಲಿ ಆ ಉದ್ಯೋಗಕ್ಕೆ ಹುಲಿ, ಚಿರತೆ, ಸೀಳುನಾಯಿಗಳು ಇನ್ನೂ ಇವೆ, ಮತ್ತು ಅವುಗಳಿಗೆ ಬೇರೆ ಊಟವಿಲ್ಲ. ಈ ವಾದವನ್ನು ನಾವು ಒಪ್ಪುವುದಿಲ್ಲ.

ಬೇಟೆಯಾಯಿತು, ಹೊಳೆಗೆ ಮರಳೋಣ; ನಮ್ಮ ಚಿಂತೆಯಿರುವುದು ಅಲ್ಲಿ. ಕೆಲವು ಬೇಸಗೆಗಳ ಹಿಂದೆ ನಾವು ಮಲೆನಾಡಿನ ಮಡುವೊಂದರ ಬಳಿ ಗಾಳ ಹಿಡಿದು ಕುಳಿತಿದ್ದಾಗ ಮೇಲಿನ ತಿರುವಿನಲ್ಲಿ ಭೂಮಿ ಅದುರುವಂತೆ ಸದ್ದಾಯಿತು. ಯುವಕರು ಕೆಲವರು ಕಲ್ಲುಕ್ವಾರಿಯ ಸಿಡಿಮದ್ದನ್ನು ನೀರಿಗೆಸೆದಿದ್ದರು. ಎರಡು ಬುಟ್ಟಿ ಮೀನನ್ನು ಬಾಚಿಕೊಂಡು, ಅರ್ಧ ಗಂಟೆಯೊಳಗೆ ಹೊರಟುಹೋದರು. ಎರಡನೆಯ ದಿನ ನಾವು ಪುನಃ ಹೋದಾಗ ಮಡುವಿನ ತುಂಬ ಮೀನು ಉಬ್ಬಿ ತೇಲುತ್ತಿದ್ದವು. ಬುಟ್ಟಿಗೆ ಬಿದ್ದುದಕ್ಕಿಂತ ಅವೇ ಹೆಚ್ಚಾಗಿದ್ದವು. ಬೆರಳುದ್ದದ ಮರಿಗಳಿಗಂತೂ ಲೆಕ್ಕವೇ ಇರಲಿಲ್ಲ.

ಕಾರಣವನ್ನು ವಿದ್ಯಾರ್ಥಿಗಳು ಊಹಿಸಬಹುದು. ನೀರನ್ನು ಅದುಮಿ ಕುಗ್ಗಿಸುವುದು ಬಹಳ ಕಷ್ಟ. ಆದ್ದರಿಂದ ಸ್ಫೋಟದ ಒತ್ತಡದ ಅಲೆ ದೂರದವರೆಗೂ ಬಲಗುಂದದೆ ಸಾಗುತ್ತದೆ. ಮೀನಿನ ಮಾಂಸ ಬಹುಮಟ್ಟಿಗೆ ನೀರೇ ಆದುದರಿಂದ ಅಲೆ ಅದರ ಮೂಲಕ ಹಾದುಹೋಗುತ್ತದೆ. ಆದರೆ ಒಳಗಿರುವ ಗಾಳಿಚೀಲ ಥಟ್ಟನೆ ಕುಗ್ಗಿ, ಮರುಕ್ಷಣವೇ ಹಿಗ್ಗಿ, ಹರಿದುಹೋಗುತ್ತದೆ. ಮೀನನ್ನು ತೇಲಿಸುವುದು ಆ ಚೀಲವೇ. ಅದು ಹರಿದ ಮೀನು ತಳಕ್ಕೆ ಮುಳುಗುತ್ತದೆ. ಮದ್ದು ಹಾಕಿದವನಿಗೂ ಸಿಗುವುದಿಲ್ಲ. ಈ ಕೃತ್ಯವನ್ನು 1897ರ ಭಾರತೀಯ ಮೀನುಗಾರಿಕಾ ಕಾಯಿದೆಯೇ ನಿಷೇಧಿಸಿದೆ, ನೀರಿಗೆ ವಿಷ ಹಾಕುವುದನ್ನೂ ಸಹ. ಆದರೂ ನಿಂತಿಲ್ಲ. 1946ರಲ್ಲಿ ಕಬಿನಿಯಲ್ಲಿ 120 ಪೌಂಡು ತೂಕದ ಬಿಳಿಮೀನೊಂದು ಗಾಳಕ್ಕೆ ಬಿದ್ದಿತ್ತು. ಮಹಸೀರ್ ಎಂದು ಹೊರಗಿನವರು ಕರೆಯುವ, ಬೆನ್ನುಬ್ಬಿದ ಆ ಜಾತಿಯನ್ನು 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಅಣೆಕಟ್ಟು, ಮರಳುಗಾರಿಕೆ, ಹೊರಗಿನಿಂದ ತಂದು ಬಿಟ್ಟ ಮೀನು ಮೊದಲಾದ ಕಾರಣಗಳೂ ಇವೆಯೆನ್ನಿ, ಸಿಡಿಮದ್ದೂ ಅವುಗಳಲ್ಲೊಂದು.

ಆ ಯುವಕರಲ್ಲಿ ಒಬ್ಬನು ನಮ್ಮ ವಿದ್ಯಾರ್ಥಿಯೇ ಆಗಿದ್ದನೆಂಬುದನ್ನು ಇಲ್ಲಿ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ವಕ್ರೀಭವನದ ಪ್ರಶ್ನೆಗೆ ಪೂರ್ಣ ಅಂಕ ಪಡೆದವನು. ಗಾಳ ಹಾಕಲು ಅವನಿಗೆ ಯಾರೂ ಕಲಿಸಿರಲಿಲ್ಲ. ಸಿಡಿಮದ್ದಿಗೆ ಗಾಳಿಯ ದಿಕ್ಕು ಬೇಡ, ನೆರಳು ಬೇಡ, ತಾಳ್ಮೆ ಬೇಡ. ಮೀನು ಎಲ್ಲಿದೆಯೆಂಬ ತಿಳಿವಳಿಕೆಯೂ ಬೇಡ. ಬೇಟೆ ಎಂದೊಡನೆ ಮೂಗು ಮುರಿಯುವ ವಿದ್ಯಾವಂತರು ಕೋವಿಯ ಜೊತೆಗೆ ಹಿರಿಯರ ಕಣ್ಣನ್ನೂ ಕಳೆದುಬಿಟ್ಟರೆಂಬುದು ನಮ್ಮ ಆಕ್ಷೇಪಣೆ. ಪ್ರಯೋಗಶಾಲೆಯ ಗಾಜಿನ ಪಟ್ಟಿ, ಗುಂಡುಸೂಜಿಗಳು ಇರಲಿ. ವರ್ಷಕ್ಕೆರಡು ದಿನ ಹೊಳೆಯ ದಡವೂ ಪ್ರಯೋಗಶಾಲೆಯಾಗಲಿ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತರೆ ಗಾಳವೂ ಬೇಕಿಲ್ಲ. ಯಾರೂ ಹಿಡಿಯದ ಮೀನುಗಳು ಕಾಲ ಬಳಿಯೇ ನಿಂತು ಪಾಠ ಹೇಳುತ್ತವೆ.

ಕಳೆದ ಎರಡು ವರ್ಷಗಳಿಂದ ನಾವು ಆಸಕ್ತರಾದ ವಿದ್ಯಾರ್ಥಿಗಳನ್ನು ರಜೆಯ ದಿನಗಳಲ್ಲಿ ಹೊಳೆಗೆ ಕರೆದೊಯ್ಯುತ್ತಿದ್ದೇವೆ. ಗಾಳದ ಮುಳ್ಳನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿಸುತ್ತೇವೆ, ಬಿಡಿಸುವಾಗ ಬಾಯಿ ಹರಿಯದಿರಲೆಂದು. ಒಣಗೈಯಿಂದ ಮೀನನ್ನು ಮುಟ್ಟಿದರೆ ಮೈಮೇಲಿನ ಲೋಳೆ ಹೋಗಿ ಅದಕ್ಕೆ ರೋಗ ತಗಲುತ್ತದೆ. ಆದ್ದರಿಂದ ಕೈಯನ್ನು ನೀರಿನಲ್ಲಿ ಅದ್ದಿಯೇ ಹಿಡಿಯಬೇಕು. ಮೊದಲ ಮಳೆಯ ನಂತರ ಹತ್ತುಮೀನನ್ನು ಮುಟ್ಟುವುದೇ ಇಲ್ಲ. ಅಜ್ಜಯ್ಯನವರ ಪಾಠದಲ್ಲಿ ನಾವು ತಿದ್ದಿದ ಒಂದೇ ಸಾಲು ಇದು. ಕಳೆದ ಬೇಸಗೆಯಲ್ಲಿ ಆ ಹಳೆಯ ವಿದ್ಯಾರ್ಥಿಯೂ ಒಂದು ದಿನ ಬಂದನು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವನಿಗೆ ಒಂದೇ ಮೀನು ಸಿಕ್ಕಿತು, ಅದೂ ಗೇಣುದ್ದದ್ದು. ಅದರ ತಲೆಯನ್ನು ಹರಿವಿಗೆ ಎದುರಾಗಿ ನೀರಿನಲ್ಲಿ ಹಿಡಿದು, ಕಿವಿರು ಸರಿಯಾಗಿ ಆಡುವವರೆಗೂ ಕಾದು, ಕೈ ಸಡಿಲಿಸಿದನು. ಸಂಜೆ ಹೊರಡುವಾಗ, ಮುಂದಿನ ಭಾನುವಾರ ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಿದನು.