ಕ್ಯಾಮೆರಾಕ್ಕೂ ಬುತ್ತಿ ಬೇಕು

ಬರುವ ಆಗಸ್ಟ್ ತಿಂಗಳಲ್ಲಿ ಸಕುಟುಂಬರಾಗಿ ಕೆನ್ಯಾ ದೇಶದ ಮಸಾಯಿ ಮಾರಾಕ್ಕೆ ಹೊರಟಿರುವ ವಾಚಕರೊಬ್ಬರು, ಅಲ್ಲಿಯ ಮೃಗಗಳ ಚಿತ್ರಗಳನ್ನು ತೆಗೆಯಲು ಎಂತಹ ಡಿಜಿಟಲ್ ಕ್ಯಾಮೆರಾವನ್ನು ಕೊಳ್ಳಬೇಕೆಂದು ಕೇಳಿ ಬರೆದಿರುವರು. ಅಂಗಡಿಯವರು ತೋರಿಸಿದ ಲೆನ್ಸಿನ ಬೆಲೆಯು ಮನೆಮಂದಿಯೆಲ್ಲರ ವಿಮಾನದ ಖರ್ಚನ್ನೂ ಮೀರಿತಂತೆ. ತಾಯಿಯವರಿಗೆ 76 ವರ್ಷ, ಮತ್ತೊಮ್ಮೆ ಹೋಗುವೆವೆಂಬ ಭರವಸೆಯಿಲ್ಲವೆಂದೂ ಸೇರಿಸಿರುವರು. ಈ ಕಡೆಯ ಮಾತನ್ನು ಮನಸ್ಸಿನಲ್ಲಿಟ್ಟೇ ಉತ್ತರ ಕೊಡುತ್ತೇನೆ.

ಮೊದಲು ಲೆನ್ಸಿನ ಮಾತು. ಮಾರಾ ಎಂಬುದು ನಮ್ಮ ಮಲೆನಾಡಿನಂತೆ ದಟ್ಟವಾದ ಕಾಡಲ್ಲ. ಕಣ್ಣು ಹರಿಯುವಷ್ಟು ದೂರ ಹಬ್ಬಿದ ಹುಲ್ಲುಗಾವಲು. ಅಲ್ಲಿಯ ಸಿಂಹಗಳು ಮೋಟಾರುಗಳಿಗೆ ಒಗ್ಗಿಹೋಗಿ, ಎಷ್ಟೋ ವೇಳೆ ಹತ್ತಿಪ್ಪತ್ತು ಗಜದೊಳಗೇ ಮಲಗಿರುವುವು. ಜುಲೈಯಿಂದ ಅಕ್ಟೋಬರ್‌ವರೆಗೆ ಹೊಳೆ ದಾಟುವ ವಿಲ್ಡೆಬೀಸ್ಟ್ ಹಿಂಡುಗಳಾದರೋ ದೂರದಲ್ಲಿರುವುವು. ಆದುದರಿಂದ 100ರಿಂದ 400 ಮಿಲಿಮೀಟರ್‌ವರೆಗಿನ ಜೂಮ್ ಲೆನ್ಸೊಂದು ಗೃಹಸ್ಥರಿಗೆ ಧಾರಾಳವಾಗಿ ಸಾಕು. ಚಿಕ್ಕ ಸೆನ್ಸರಿನ ಕ್ಯಾಮೆರಾಗಳಲ್ಲಿ 300ರ ಲೆನ್ಸೇ ಸುಮಾರು 450ರ ನೋಟವನ್ನು ಕೊಡುವುದು. ಇನ್ನೂ ದೊಡ್ಡದೇ ಬೇಕೆಂಬ ಹಟವಿದ್ದರೆ ಬೆಂಗಳೂರಿನಲ್ಲಿ ದಿನಬಾಡಿಗೆಗೆ ದೊರೆಯುತ್ತದೆ. ಬಯಲಿನ ಧೂಳಿನಲ್ಲಿ ಲೆನ್ಸನ್ನು ಬಿಚ್ಚಿ ಬದಲಾಯಿಸುವುದಂತೂ ಕೂಡದು.

ನಾನು ಪೆಟ್ಟು ತಿಂದದ್ದು ಬ್ಯಾಟರಿಯ ವಿಷಯದಲ್ಲಿ. ಕೆಲವು ವರ್ಷಗಳ ಹಿಂದೆ ಆ ಸೀಮೆಯ ಡೇರೆಬಿಡಾರವೊಂದರಲ್ಲಿ, ಊಟವಾದ ಮೇಲೆ ಚಾರ್ಜರನ್ನು ಸಿಕ್ಕಿಸಿ ನಿಶ್ಚಿಂತೆಯಾಗಿ ಮಲಗಿದೆನು. ಜನರೇಟರನ್ನು ರಾತ್ರಿ ಹತ್ತಕ್ಕೆ ನಿಲ್ಲಿಸುವರೆಂದು ಯಾರನ್ನೂ ಕೇಳಿರಲಿಲ್ಲ. ಮರುದಿನ ಬೆಳಗ್ಗೆ ಚಿರತೆಯೊಂದು ಬೇಟೆಯನ್ನು ಕಚ್ಚಿಕೊಂಡು ಮರವನ್ನೇರಿತು; ಹಿಂದೆಯೇ ಅದರ ಮರಿ. ನನ್ನ ಕೈಯಲ್ಲಿದ್ದುದು ಲಕ್ಷ ರೂಪಾಯಿಯ ಕಲ್ಲು. ಜೊತೆಯವರು ನನ್ನ ಮುಖವನ್ನು ನೋಡಿದುದು ಇನ್ನೂ ನೆನಪಿದೆ.

ಈಗಿನ ಕನ್ನಡಿಯಿಲ್ಲದ ಕ್ಯಾಮೆರಾಗಳಲ್ಲಿ, ನಾವು ಸುಮ್ಮನೆ ಕಣ್ಣಿಟ್ಟು ನೋಡುತ್ತಿರುವಾಗಲೂ ಸೆನ್ಸರೂ ಒಳಗಿನ ಪರದೆಯೂ ವಿದ್ಯುತ್ತನ್ನು ತಿನ್ನುತ್ತಲೇ ಇರುವುವು. ಆದಕಾರಣ ಮೂರು ಬ್ಯಾಟರಿಗಳಿರತಕ್ಕದ್ದು: ಕ್ಯಾಮೆರಾದಲ್ಲೊಂದು, ಜೇಬಿನಲ್ಲೊಂದು, ಚಾರ್ಜಿನಲ್ಲೊಂದು. ಕೆನ್ಯಾದ ವಿದ್ಯುತ್ತು 240 ವೋಲ್ಟಿನದು. ನಮ್ಮ ಚಾರ್ಜರುಗಳ ಮೇಲೆ 100–240 ವೋಲ್ಟ್ ಎಂದು ಅಚ್ಚಾಗಿದ್ದರೆ ಭಯವಿಲ್ಲ. ಆದರೆ ಅಲ್ಲಿಯ ಪ್ಲಗ್ಗು ಇಂಗ್ಲೆಂಡಿನಂತೆ ಚಪ್ಪಟೆಯಾದ ಮೂರು ಕಡ್ಡಿಗಳದಾದ್ದರಿಂದ ಅಡಾಪ್ಟರ್ ಬೇಕು. ಬಿಡಾರವನ್ನು ಗೊತ್ತುಮಾಡುವಾಗಲೇ, ವಿದ್ಯುತ್ತು ಸೂರ್ಯಶಕ್ತಿಯದೋ ಜನರೇಟರಿನದೋ, ಯಾವ ಯಾವ ಗಂಟೆಗಳಲ್ಲಿ ದೊರೆಯುವುದೆಂದು ಬರೆದು ಕೇಳಿರಿ.

ಜೊತೆಗೊಂದು ಪವರ್ ಬ್ಯಾಂಕ್ ಇರಲಿ. ವಿಮಾನದವರು ಸಾಮಾನ್ಯವಾಗಿ ಅಪ್ಪಣೆಯಿಲ್ಲದೆ ಬಿಡುವುದು 100 ವಾಟ್-ಗಂಟೆಯವರೆಗೆ. 20,000 ಮಿಲಿಆಂಪ್-ಗಂಟೆ ಎಂದರೆ, 3.7 ವೋಲ್ಟಿನಿಂದ ಗುಣಿಸಲಾಗಿ, 74 ವಾಟ್-ಗಂಟೆ, ತೊಂದರೆಯಿಲ್ಲ. 16 ವಾಟ್-ಗಂಟೆಯ ಕ್ಯಾಮೆರಾ ಬ್ಯಾಟರಿಯನ್ನು, ನಡುವಿನ ನಷ್ಟವನ್ನು ಕಳೆದು, ಅದು ಸುಮಾರು ಮೂರು ಸಲ ತುಂಬುವುದು. ಚಾರ್ಜರು ಮಾತ್ರ ಯುಎಸ್‌ಬಿಯದಾಗಿರಬೇಕು. ಪವರ್ ಬ್ಯಾಂಕನ್ನೂ ಬಿಡಿ ಬ್ಯಾಟರಿಗಳನ್ನೂ ಕೈಚೀಲದಲ್ಲಿಯೇ ಒಯ್ಯಬೇಕು. ಒಳಕ್ಕೆ ಹಾಕುವ ಪೆಟ್ಟಿಗೆಯಲ್ಲಿಡುವಂತಿಲ್ಲ. ಬ್ಯಾಟರಿಯ ತುದಿಗಳಿಗೆ ಟೇಪು ಅಂಟಿಸಿರಿ.

ಮೂರು ಕಾಲಿನ ಸ್ಟ್ಯಾಂಡನ್ನು ಮನೆಯಲ್ಲೇ ಬಿಡಬಹುದು. ಮೋಟಾರಿನೊಳಗೆ ಅದಕ್ಕೆ ಸ್ಥಳವಿಲ್ಲ, ಕೆಳಗಿಳಿಯಲು ಅಪ್ಪಣೆಯಿಲ್ಲ. ಬದಲಾಗಿ ದಪ್ಪ ಬಟ್ಟೆಯಿಂದ ಮೊಳದುದ್ದದ ಚೀಲವೊಂದನ್ನು ಹೊಲಿದು ಬರಿದಾಗಿಯೇ ಒಯ್ದು, ಅಲ್ಲಿ ಅಕ್ಕಿಯನ್ನೋ ಕಾಳನ್ನೋ ತುಂಬಿ ಕಿಟಕಿಯ ಮೇಲಿಟ್ಟರೆ ಲೆನ್ಸು ಅಲುಗದು. ಚಿತ್ರ ತೆಗೆಯುವಾಗ ಇಂಜಿನನ್ನು ನಿಲ್ಲಿಸುವಂತೆ ಚಾಲಕರನ್ನು ಕೇಳಿಕೊಳ್ಳಿರಿ. ಧೂಳಿಗೆಂದು ಪ್ಲಾಸ್ಟಿಕ್ ಚೀಲವನ್ನು ಒಯ್ಯಬೇಡಿರಿ. 2017ರಿಂದ ಕೆನ್ಯಾದಲ್ಲಿ ಅದಕ್ಕೆ ನಿಷೇಧವಿದೆ. ಹಳೆಯ ದಿಂಬಿನ ಚೀಲವೇ ಸಾಕು.

ಲೆನ್ಸಿನಲ್ಲಿ ಉಳಿಸಿದ ಹಣದಿಂದ ತಾಯಿಯವರಿಗೆ 8×32 ಅಳತೆಯ ಹಗುರವಾದ ದುರ್ಬೀನೊಂದನ್ನು ಕೊಳ್ಳಿರಿ. ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಕನ್ನಡಕ ಧರಿಸುವವರಾದರೆ ಕಣ್ಣಿನ ಕಡೆಯ ಬಳೆಗಳನ್ನು ಒಳಕ್ಕೆ ತಿರುಗಿಸಬೇಕೆಂದು ತಿಳಿಸಿ, ಹೊರಡುವ ಮೊದಲೇ ಹಿತ್ತಲಿನ ಹಕ್ಕಿಗಳನ್ನು ನೋಡಿ ಅವರು ಕೈಯನ್ನು ರೂಢಿಮಾಡಿಕೊಳ್ಳಲಿ.