ರೆಸಾರ್ಟಿಗೆ ಮೊದಲು ಬಾವಿಯ ಲೆಕ್ಕ

ಒಂದೆಡೆ ಸೌಪರ್ಣಿಕೆ, ಇನ್ನೊಂದೆಡೆ ಅರಬ್ಬೀ ಸಮುದ್ರ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಮರವಂತೆಯ ಈ ಚೆಲುವನ್ನು ನೋಡಲು ಬರುವವರಿಗೆ ಸ್ವಾಗತವಿರಲಿ. ಆದರೆ ತೀರದಲ್ಲಿ ರೆಸಾರ್ಟು ಕಟ್ಟುವವರು ನೀರಿನ ಲೆಕ್ಕ ಕೊಡಬೇಕು. ಕೊಡಚಾದ್ರಿಯ ಕಾಡಿನಿಂದ ಇಳಿಯುವ ಸಿಹಿನೀರೇ ಅಳಿವೆಯ ಉಪ್ಪನ್ನು ಹಿಂದಕ್ಕೆ ತಳ್ಳುವುದು. ಬೇಸಿಗೆಯಲ್ಲಿ ಹರಿವು ಕುಗ್ಗಿದಾಗ ಉಪ್ಪುನೀರು ನದಿಯಲ್ಲಿ ಮೇಲೇರುತ್ತದೆ. ಆಗಲೇ ಕೊಳವೆಬಾವಿಗಳಿಂದ ಮಿತಿಮೀರಿ ನೀರೆತ್ತಿದರೆ ನೆರೆಯ ಮನೆಬಾವಿಗಳೂ ಉಪ್ಪಾಗುತ್ತವೆ. ತರಕಾರಿ ಬೆಳೆ ಕೆಡುತ್ತದೆ. ಮೆಡಿಟರೇನಿಯನ್ ತೀರದ ಪ್ರವಾಸಿ ನಗರ ಬಾರ್ಸಿಲೋನಾದಲ್ಲಿ 2024ರ ಫೆಬ್ರವರಿಯಲ್ಲಿ ಬರದ ತುರ್ತುಸ್ಥಿತಿ ಘೋಷಿಸಬೇಕಾಯಿತು. ನಾವು ಅಲ್ಲಿಯವರೆಗೆ ಕಾಯಬೇಕಿಲ್ಲ. ಪರವಾನಗಿಗೆ ಮುನ್ನ ಏಪ್ರಿಲ್, ಮೇ ತಿಂಗಳುಗಳ ಬಾವಿಯ ಮಟ್ಟ ಹಾಗೂ ಉಪ್ಪಿನಂಶವನ್ನು ಅಳೆದು ಗ್ರಾಮಸಭೆಯ ಮುಂದಿಡುವುದು ಕಡ್ಡಾಯವಾಗಲಿ. ಶಂಕರನಾರಾಯಣದ ಕಡೆಯ ನಾವು ಕಾಡನ್ನು ಉಳಿಸಿಕೊಟ್ಟರಷ್ಟೇ ಸಾಲದು. ತೀರವೂ ಮಿತಿಯನ್ನು ಅರಿಯಬೇಕು.